ನರಸಿಂಹನ ಉಗುರು ನಿಂತ ಕಥೆ

ಒಂದಾನೊಂದು ಕಾಲದಲ್ಲಿ, ಅಂದರೆ ಮುಳಬಾಗಿಲಿಗೆ ಟೀವಿ ಇನ್ನೂ ಬಾರದ ಕಾಲದಲ್ಲಿ, ಕುರುಡುಮಲೆ ಪಕ್ಕದ ಊರಿನಲ್ಲೊಬ್ಬ ನರಸಿಂಹನಿದ್ದ. ಅವನಿಗೆ ಕೇಸರವಿತ್ತು, ಕೋರೆಹಲ್ಲಿತ್ತು, ಗರ್ಜನೆಯಂತೂ ಆಚೆ ಊರಿಗೂ ಕೇಳುತ್ತಿತ್ತು. ಉಗುರು ಮಾತ್ರ ನಿಲ್ಲುತ್ತಿರಲಿಲ್ಲ.

ನಾಟಕವಿಲ್ಲದ ದಿನಗಳಲ್ಲಿ ಅವನು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕೋದಂಡರಾಮಪ್ಪ. ಹೋದ ವರ್ಷ ರಟ್ಟಿನ ಉಗುರುಗಳು ಬೆವರಿಗೆ ನೆನೆದು ಉದುರಿ, ಬರಿಬೆರಳಲ್ಲೇ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯಲು ಹೋಗಿದ್ದ. ಹಿರಣ್ಯಕಶಿಪುವಾಗಿದ್ದ ಪೆದ್ದಪ್ಪನಿಗೆ ಕಚಗುಳಿಯಾಗಿ, ಸಾಯಬೇಕಾದವನು ಕಿಲಕಿಲ ನಕ್ಕುಬಿಟ್ಟಿದ್ದ. ಅಂದಿನಿಂದ ಊರಿನ ಮಕ್ಕಳೆಲ್ಲ ಇವನನ್ನು ಕಂಡರೆ ಹೊಟ್ಟೆ ಹಿಡಿದುಕೊಂಡು ನಗುವವರೇ. ಈ ಸಲವೂ ಹಾಗಾದರೆ ಬಣ್ಣ ಹಚ್ಚುವುದನ್ನೇ ಬಿಡುತ್ತೇನೆಂದು ಅತ್ತೆ ಮಗಳು ಆಂಜಿನಮ್ಮನ ಮುಂದೆ ಮುಖ ಸಣ್ಣ ಮಾಡಿದ.

ಆಂಜಿನಮ್ಮ ಮುಳಬಾಗಿಲಿನ ಹಲ್ಲು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಕ್ರಿಲಿಕ್ ಪುಡಿಗೆ ಮೂಗಿಗೆ ಹೊಡೆಯುವ ದ್ರವ ಕಲಸಿ, ಅದು ಕಲ್ಲಾಗುವ ಮೊದಲೇ ಮುದುಕರ ಕಟ್ಟುಹಲ್ಲಿಗೆ ಒಸಡು ತಿದ್ದಿಕೊಡುವವಳು.

"ನಿನ್ನ ಹತ್ತು ಬೆರಳಿಗೂ ಉದುರದಿರೋ ಉಗುರು ಕಟ್ಕೊಡ್ತೀನಿ ಬಾವ," ಎಂದು ಮಾತು ಕೊಟ್ಟಳು.

ಅದೇ ಪುಡಿ ಕಲಸಿ ಮೊದಲ ಸಲ ಕಟ್ಟಿದವು ಮಾರನೆಯ ಬೆಳಿಗ್ಗೆಗೆ ಬುಡದಿಂದ ಎದ್ದು ನಿಂತವು. ಕಲಸಿದ್ದು ನೀರಾಯಿತೇನೋ ಎಂದು ಮತ್ತೆ ಗಟ್ಟಿಯಾಗಿ ಕಲಸಿದಳು. ಅವೂ ಎದ್ದವು. ಚರ್ಮಕ್ಕೆ ತಾಗಿ ಹೀಗಾಯಿತೇನೋ ಎಂದು ಮುಂದಿನ ಸಲ ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟಳು. ಒಂದು ಉಗುರು ಹಾರಿ ರೇಷ್ಮೆಹುಳುವಿನ ತಟ್ಟೆಗೇ ಬಿತ್ತು.

"ಸೊಪ್ಪು ಅಂದ್ಕೊಂಡು ಹುಳ ತಿಂದ್ಬಿಟ್ರೆ ಏನ್ ಗತಿನೇ?" ಎಂದ ಕೋದಂಡರಾಮಪ್ಪ.

"ತಿಂದ್ರೆ ಅವಕ್ಕೂ ಹಲ್ಲು ಬರ್ತವೆ ಬಿಡು ಬಾವ, ನಿನ್ನ ಕಂಡು ನಗೋಕೆ."

ಹಾಗೆ ಅಂದರೂ ಅವಳಿಗೆ ಒಳಗೊಳಗೇ ಅಳು. ಎದ್ದುಬಂದ ಇನ್ನೊಂದು ಉಗುರನ್ನು ಕಿತ್ತು ತಿರುಗಿಸಿ ನೋಡಿದಳು. ಅಡಿಯೆಲ್ಲ ಮಿರಮಿರ. ಮೂಸಿದಳು.

"ಬಾವ, ಹರಳೆಣ್ಣೆ ಹಚ್ಕೊಂಡಿದ್ಯಾ?"

"ನಾನೆಲ್ಲಿ ಹಚ್ಕೊಂಡೆ? ನೀನು ಬರೋ ಮುಂಚೆ ದಿನಾ ಅಜ್ಜಿ ಹಚ್ತಾಳೆ. ಪಂಚೆಗೆ ಒರೆಸ್ಕೊಂಡೇ ಕೂತಿರ್ತೀನಪ್ಪ."

ಅಡುಗೆಮನೆಯಿಂದ ಅಜ್ಜಿ ದೊಡ್ಡಮುನಿಯಮ್ಮನ ದನಿ ಬಂತು: "ಅಂಟು ಮುಟ್ಟೋ ಮುಂಚೆ ಎಣ್ಣೆ ಹಚ್ದೇ ಬಿಡ್ತಾರೇನೇ? ಹಲಸಿನಹಣ್ಣು ಬಿಡಿಸುವಾಗ ನಿಂಗೂ ಹಚ್ತಿರ್ಲಿಲ್ವಾ? ಹುಡುಗನ ಬೆರಳಿಗೆ ಅದು ಹಿಡ್ಕೊಂಡ್ಬಿಟ್ರೆ?"

"ಹಿಡ್ಕೊಳ್ಲಿ ಅಂತಾನೇ ಅಜ್ಜಿ ನಾನು ಸಾಯ್ತಿರೋದು!"

ನಾಟಕದ ದಿನ ಎಣ್ಣೆ ಕುಡಿಕೆ ಅಟ್ಟ ಸೇರಿತು. ಬಾವನ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿಸಿ, ಬಿಸಿಲಿಗೆ ಒಣಗಿಸಿ, ಉಗುರಿನ ಹೊಳಪು ಹೋಗುವಂತೆ ಅರದಲ್ಲಿ ಮೆಲ್ಲಗೆ ಉಜ್ಜಿ, ಆಮೇಲೆ ಕಟ್ಟಿದಳು. ಬಣ್ಣಕ್ಕೆ ಮುಂಚೆ ಮುಖಕ್ಕೆ ಬಳಿಯುವ ಕೊಬ್ಬರಿ ಎಣ್ಣೆಯನ್ನೂ ಅವನ ಕೈಗೆ ಕೊಡದೆ ತಾನೇ ಬಳಿದಳು.

"ಮೂಗು ತುರಿಸ್ತಿದೆ ಕಣೇ."

"ಕಂಬ ಒಡ್ಕೊಂಡು ಬರೋ ದೇವ್ರು ನೀನು, ಒಂದು ತುರಿಕೆ ತಡ್ಕೊಳ್ಳೋಕಾಗಲ್ವಾ?"

ಮೂಡಣ ಬೆಳ್ಳಗಾಗುತ್ತ, ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಹೊತ್ತಿಗೆ ಕಂಬ ಒಡೆಯಿತು. ನರಸಿಂಹನ ತೊಡೆಯ ಮೇಲೆ ಬೀಳುವಾಗಲೇ ಪೆದ್ದಪ್ಪನ ತುಟಿಯಂಚಿನಲ್ಲಿ ನಗುವಿತ್ತು. ಉಗುರು ಹೊಟ್ಟೆಗೆ ಊರಿದ್ದೇ ತಡ, "ಚಚ್ಚಾನ್ರೋ ದೇವುಡೋ!" ಎಂದು, ನಾಟಕದಲ್ಲಿಲ್ಲದ ತೆಲುಗಿನಲ್ಲಿ, ಸತ್ತೆನೆಂದು ನಿಜವಾಗಿಯೂ ಕಿರುಚಿಕೊಂಡ.

ಯಾರೂ ನಗಲಿಲ್ಲ. ಪರದೆಯ ಸಂದಿಯಿಂದ ಆಂಜಿನಮ್ಮ ಕತ್ತು ಚಾಚಿ ನೋಡಿದಳು. ಮೇಲೆತ್ತಿದ ಎರಡೂ ಕೈಯಲ್ಲಿ ಉಗುರುಗಳು ಒಂದೂ ಬಿಡದೆ ಹಾಗೇ ಇದ್ದವು. ಹಿರಣ್ಯಕಶಿಪು ಅಂತೂ ಸತ್ತ.