ನೀರು ಎಲ್ಲಿವರೆಗೆ ಬರುತ್ತೆ?

ಬಲೆ ಹೆಣೆಯುವುದರಲ್ಲಿ ಅವಳ ಕೈಗೆ ಸಾಟಿಯಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಬೀದಿಯವರು ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅಂಥ ರೇಡಿಯೋ ಆ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ಬಂದ್ ಆಯಿತು.

ಗೋಡೆಗೆ ನಕ್ಷೆ ಅಂಟಿಸಿದ್ದರು. ಕಡಲತೀರ ಕಾಯಲು ಸರ್ಕಾರ ಮೊದಲ ಸಲ ಒಂದು ಯೋಜನೆ ತಂದಿತ್ತು. ಉಬ್ಬರದ ನೀರು ಏರುವಲ್ಲಿಗೆ ಒಂದು ನೀಲಿ ಗೆರೆ. ಗೆರೆಯಿಂದ ಕಡಲ ಕಡೆಗೆ ಮನೆ ಇರಕೂಡದು. ಮರಳು ದೋಚುವವರಿಗೆ ತಕ್ಕ ಶಾಸ್ತಿ ಎಂದು ಬೀದಿಯವರೂ ಚಪ್ಪಾಳೆ ತಟ್ಟಿದ್ದರು. ನೋಡಿದರೆ ಆ ಗೆರೆ ಬೀದಿಯ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿದ್ದ ರೇಡಿಯೋಳ ಅಡುಗೆಮನೆಯ ಮೇಲೇ ಹಾದುಹೋಗಿತ್ತು! ಕೆಳಗಿನ ಹನ್ನೊಂದು ಮನೆಗಳು, ಅವಳ ಅಕ್ಕನ ಮನೆಯೂ ಸೇರಿ, ನಕ್ಷೆಯಲ್ಲಿ ಕಡಲ ಪಾಲಾಗಿದ್ದವು.

"ಅಯ್ಯಯ್ಯೋ! ನಮ್ಮಜ್ಜಿ ಕಾಲದಿಂದ ಒಂದು ಅಲೆನೂ ನನ್ನ ಮೆಟ್ಟಿಲು ಹತ್ತಿಲ್ಲ. ಯಾವ ತಲೆಕೆಟ್ಟೋರು ಹೇಳಿದ್ದು ಇದನ್ನ?" ಅಕ್ಕ ಎದೆ ಬಡಿದುಕೊಂಡಳು.

ನಕ್ಷೆಯ ಪಕ್ಕ ನಿಂತಿದ್ದ ಸರ್ವೆಯವನು ಪಾಪ, ಫೈಲು ಬಿಚ್ಚಿ ಓದಿದ: "ಪ್ರಶ್ನೆ, ನೀರು ಎಲ್ಲಿವರೆಗೆ ಬರುತ್ತೆ? ಉತ್ತರ, ಬಾಗಿಲವರೆಗೆ. ಅಡುಗೆಮನೆವರೆಗೂ ಬರುತ್ತೆ ಅಂತಲೇ ಬರ್ಕೊಳ್ಳಿ, ನಿಮಗೆ ಪುಣ್ಯ ಬರುತ್ತೆ. ಕೆಳಗೆ ಸಹಿ, ಬಲೆ ಹೆಣೆಯೋ ಅಮ್ಮ."

ರೇಡಿಯೋಗೆ ಆಗ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ಟೇಪು ಹಿಡಿದು ಬಂದಿದ್ದ ಇವನನ್ನು ಅವಳು ನೀರು ಸರಬರಾಜಿನವನು ಎಂದುಕೊಂಡಿದ್ದಳು. ಪೈಪು ಬಾಗಿಲಲ್ಲೇ ನಿಂತಿತ್ತು. ಕಾಗದದಲ್ಲಿ ಅಡುಗೆಮನೆ ಎಂದು ಬಿದ್ದರೆ ಇಲಾಖೆಯವರು ಒಳಗೆಳೆಯಲೇಬೇಕು ಎಂದು ಲೆಕ್ಕ ಹಾಕಿ, ಕುರ್ಚಿ ಒರೆಸಿ ಕೂರಿಸಿ ಬರೆಸಿದ್ದಳು. ಎಂಥ ಬುದ್ಧಿವಂತಿಕೆ!

"ಸ್ವಾಮಿ, ನಾನು ಹೇಳಿದ್ದು ನಲ್ಲಿ ನೀರು" ಎಂದು ಪಿಸುಗುಟ್ಟಿದಳು.

"ನಲ್ಲಿ ನೀರಾ?" ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ನಿನ್ನ ಒಂದು ನಲ್ಲಿಗೋಸ್ಕರ ನನ್ನ ಮನೇನ ಸಮುದ್ರಕ್ಕೆ ಬರೆದುಕೊಟ್ಯಲ್ಲೇ!"

ತಂಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಓಡಿಹೋಗಿ ಸರ್ವೆಯವನ ಫೈಲು ಹಿಡಿದುಕೊಂಡಳು. "ತಪ್ಪಾಯ್ತು ಅಂತ ಬರ್ಕೊಳ್ಳಿ, ಈಗಲೇ ಸಹಿ ಹಾಕ್ತೀನಿ. ಇದೊಂದು ಬೀದಿ ಸರಿಮಾಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಪೆನ್ನು ತೆಗೆಯಲಿಲ್ಲ. ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ. ಮುಖ ಸುಣ್ಣದಂತಾಗಿತ್ತು.

"ಇದೊಂದೇ ಬೀದಿ ಅಲ್ಲಮ್ಮ," ಎಂದ. "ನೂರಾ ನಲವತ್ತು ಊರಲ್ಲೂ ನಾನು ಕೇಳಿದ್ದು ಇದೇ ಪ್ರಶ್ನೆ. ಯಾವ ನೀರು ಅಂತ ಎಲ್ಲೂ ಹೇಳಲಿಲ್ಲ."