ಒಂದೇ ಚಿಲುಮೆ, ಎರಡು ಹಸಿವು

ರಂಜಾನ್ ತಿಂಗಳಲ್ಲಿ ನಮ್ಮ ರೀಫ್ ಬೆಟ್ಟದ ಊರುಗಳಿಗೆ ಸಂಜೆಯ ಬಾಂಗಿಗೆ ಮುಂಚೆ ಒಂದು ಕೆಟ್ಟ ಹೊತ್ತು ಬರುತ್ತದೆ. ಅಂಗಡಿಯವನು ಗಿರಾಕಿಯ ಮೇಲೆ ರೇಗುತ್ತಾನೆ. ಟ್ಯಾಕ್ಸಿಯವನು ದಾರಿಗೆ ಅಡ್ಡ ಬಂದ ಕತ್ತೆಗೆ ಬೈಯುತ್ತಾನೆ. ನೋಡಿದವರು, "ಬಿಡಿ ಪಾಪ, ಅವನಿಗೆ ರಂಜಾನ್ ಹಿಡಿದಿದೆ" ಎಂದು ನಗುತ್ತಾರೆ. ಹೊಗೆ ಸೇದುವವರ ಸಿಟ್ಟಿಗೆ ಊರು ಕೊಡುವ ಮಾಫಿ ಅದು. ಬೀದಿಯಲ್ಲಿ ನಗಬಹುದು. ಬಾಗಿಲು ಹಾಕಿದ ಮನೆಯೊಳಗೆ ಯಾರೂ ನಗುವುದಿಲ್ಲ.

ಫತ್ತೂಮಳ ಮನೆಯಲ್ಲಿ ಆ ಹೊತ್ತನ್ನು ಕಿವಿಯಿಂದ ತಿಳಿಯುತ್ತಿದ್ದರು. ಅವಳ ಗಂಡ ಲಯಾಶಿ ಗಾರೆ ಕೆಲಸದಿಂದ ಬಂದು ಹೆಚ್ಚುವ ಮಣೆಯ ಮುಂದೆ ಕೂರುತ್ತಿದ್ದ. ಮಣೆಯ ಮೇಲೆ ಒಣ ಗಾಂಜಾ, ನಮ್ಮವರ ಬಾಯಲ್ಲಿ ಕೀಫ್. ಅದರ ಜೊತೆ ಕಪ್ಪನೆಯ ಹೊಗೆಸೊಪ್ಪು. ಎರಡನ್ನೂ ಬೆರೆಸಿ ಸಂಜೆಯ ಚಿಲುಮೆಗೆಂದು ಸಣ್ಣಗೆ ಹೆಚ್ಚುತ್ತಿದ್ದ. ಟಕ್ ಟಕ್ ಟಕ್. ಚಾಕುವಿನ ಸದ್ದು ಇರುವವರೆಗೆ ಪರವಾಗಿಲ್ಲ. ಸದ್ದು ನಿಂತರೆ ಅವನು ಇತ್ತ ನೋಡುತ್ತಿದ್ದಾನೆ ಎಂದು ಅರ್ಥ.

ಆ ದಿನ ಮಗಳು ಸಿಹಾಮಳ ಕೈಯಿಂದ ಸೂಪಿನ ಬಟ್ಟಲು ಜಾರಿ ಒಡೆಯಿತು.

ಸದ್ದು ನಿಂತಿತು.

"ಕಣ್ಣು ಎಲ್ಲಿಟ್ಟಿದ್ದೆ?" ಲಯಾಶಿ ಎದ್ದು ಬಂದ. ಐದು ವರ್ಷದ ಹುಡುಗಿ ಅಳಲಿಲ್ಲ. ಎರಡೂ ಕೈಯಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಅವಳ ಕಣ್ಣು ಅಪ್ಪನ ಮುಖದ ಮೇಲಿರಲಿಲ್ಲ, ಅವನ ಬಲಗೈ ಮೇಲಿತ್ತು. ಲಯಾಶಿ ಅತ್ತ ನೋಡಿದ. ಚಾಕು ಅವನ ಕೈಯಲ್ಲೇ ಇತ್ತು.

ಫತ್ತೂಮ ಇಬ್ಬರ ನಡುವೆ ಬಂದು ನಿಂತಳು. ಬಾಂಗ್ ಕೇಳಿಸಿತು. ಯಾರೂ ಊಟಕ್ಕೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಫತ್ತೂಮ ಊರಿನ ದವಾಖಾನೆಯ ನರ್ಸ್ ಹಯಾತಳನ್ನು ಮನೆಗೇ ಕರೆತಂದಳು. ಅತ್ತೆ ಷಾಮಾ ಬಾಗಿಲಲ್ಲೇ ಶುರು ಮಾಡಿದರು. "ಸೂಜಿ ತಂದೆಯೇನಮ್ಮ? ನನ್ನ ಮಗನಿಗೆ ಏನೂ ಕಾಯಿಲೆ ಇಲ್ಲ. ಕೀಫ್ ಅವನ ತಲೆ ತಂಪಾಗಿ ಇಡುತ್ತೆ. ಬಿಡಿಸಿದ್ರೆ ಹುಚ್ಚನಾಗ್ತಾನೆ ಅಷ್ಟೆ."

"ಸೂಜಿ ಇಲ್ಲ, ಲಲ್ಲಾ. ಮಾತಾಡೋಕೆ ಬಂದೆ," ಎಂದಳು ಹಯಾತ್. ಹಿರಿಯ ಹೆಂಗಸರನ್ನು ನಮ್ಮವರು ಲಲ್ಲಾ ಎಂದೇ ಕರೆಯುತ್ತಾರೆ.

ಲಯಾಶಿ ತಲೆ ತಗ್ಗಿಸಿ ಕೂತಿದ್ದ. "ತಂಗಿ, ತಂಬಾಕು ಬಿಟ್ಟು ವರ್ಷ ಆಯ್ತು ನಾನು. ಒಂದು ಸಿಗರೇಟ್ ಮುಟ್ಟಿಲ್ಲ. ಯಾರನ್ನ ಬೇಕಾದ್ರೂ ಕೇಳು."

ಹಯಾತ್ ಮಣೆಯ ಕಡೆ ಕೈ ತೋರಿಸಿದಳು. "ಮತ್ತೆ ಆ ಕಪ್ಪು ಎಲೆ ಏನಣ್ಣ?"

"ಅದಾ? ಅದು ರುಚಿಗೆ. ಸಾರಿಗೆ ಉಪ್ಪು ಹಾಕಿದ ಹಾಗೆ."

"ಉಪ್ಪಲ್ಲಣ್ಣ, ಅದೇ ತಂಬಾಕು. ಸಿಗರೇಟ್ ಬಿಟ್ಟ ಮೇಲೆ ದಿನಕ್ಕೆ ಚಿಲುಮೆ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

ಫತ್ತೂಮ ಹೇಳಿದಳು, "ಎರಡರಷ್ಟಾಯ್ತು."

"ನೋಡು, ಕೀಫ್ ಇಲ್ಲದ ಸಂಕಟ ಶುರುವಾಗೋಕೆ ಒಂದೆರಡು ದಿನ ಬೇಕು. ತಂಬಾಕು ಹಾಗಲ್ಲ, ಕೆಲವೇ ಗಂಟೆಗೆ ಮೈ ಹಿಂಡುತ್ತೆ. ನಿನ್ನೆ ಸಂಜೆ ನಿನ್ನನ್ನ ರೇಗಿಸಿದ್ದು ಹೆಚ್ಚಾಗಿ ಆ 'ಉಪ್ಪೇ' ಇರಬೇಕು. ಚಿಲುಮೆ ಒಂದೇ, ಅದರೊಳಗೆ ಹಸಿವು ಎರಡು. ಒಂದನ್ನ ಬಿಟ್ಟೆ ಅಂದ್ಕೊಂಡ್ರೆ ಇನ್ನೊಂದು ಅದನ್ನ ಕೈ ಹಿಡಿದು ವಾಪಸ್ ಕರ್ಕೊಂಡು ಬರುತ್ತೆ. ಅದಕ್ಕೇ ಈಗ ವೈದ್ಯರು ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಟ್ಟು ನೋಡ್ತಿದಾರೆ."

"ಎರಡೂ ಒಟ್ಟಿಗೆ ಬಿಟ್ರೆ ಸತ್ತೇ ಹೋಗ್ತೀನಿ."

"ಸಾಯಲ್ಲ. ಆದ್ರೆ ಸುಲಭ ಅಂತ ಸುಳ್ಳೂ ಹೇಳಲ್ಲ. ನಿದ್ದೆ ಬರಲ್ಲ, ಬೆವರುತ್ತೆ, ಕೆಟ್ಟ ಕನಸು ಬೀಳುತ್ತೆ. ಕೆಲವು ವಾರ ಹಾಗೇ. ಕೀಫ್ ಆಸೆ ಅಳಿಸೋ ಮಾತ್ರೆ ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದಾರೆ. ವಾರ ವಾರ ಬಂದು ಮಾತಾಡ್ಬೇಕು. ತಂಬಾಕಿಗೆ ಮಾತ್ರ ತೋಳಿಗೆ ಅಂಟಿಸೋ ಪಟ್ಟಿ ಇದೆ. ಹೊಗೆ ಇಲ್ಲದೆ ತಂಬಾಕಿನ ಸತ್ವವನ್ನ ಸ್ವಲ್ಪ ಸ್ವಲ್ಪ ಕೊಟ್ಟು ಆ ಆಸೆ ಇಳಿಸುತ್ತೆ."

"ಉಪವಾಸದಲ್ಲಿ ಪಟ್ಟಿಯಾ!" ಷಾಮಾ ಎದೆ ಮುಟ್ಟಿಕೊಂಡರು.

"ಮಸೀದಿಯ ಗುರುಗಳು, ಫಕೀಹರನ್ನೇ ಕೇಳ್ದೆ, ಲಲ್ಲಾ. ಚರ್ಮದ ಮೇಲಿಂದು ಹೊಟ್ಟೆಗೆ ಹೋಗಲ್ಲ, ಉಪವಾಸ ಕೆಡಲ್ಲ ಅಂದ್ರು." ಹಯಾತ್ ಮತ್ತೆ ಲಯಾಶಿಯ ಕಡೆ ತಿರುಗಿದಳು. "ಅಮಲಿಗೆ, ನಿದ್ದೆಗೆ ಅಂತ ಬೇರೆ ಏನಾದ್ರೂ ತಗೋತೀಯಾ?"

ಲಯಾಶಿ ಜೇಬಿನಿಂದ ನಿದ್ದೆಮಾತ್ರೆಯ ಸ್ಟ್ರಿಪ್ ತೆಗೆದು ಕೆಳಗಿಟ್ಟ. ಯಾರೋ ಗೆಳೆಯ ಕೊಟ್ಟದ್ದಂತೆ.

"ಹೇಳಿದ್ದು ಒಳ್ಳೇದಾಯ್ತು. ಇದನ್ನ ದಿಢೀರ್ ಅಂತ ನಿಲ್ಲಿಸಬೇಡ, ಅದೂ ಅಪಾಯ. ಇವತ್ತೇ ಡಾಕ್ಟರ್ ಹತ್ರ ಹೋಗೋಣ."

"ಅವನಪ್ಪ ಸಾಯೋ ತನಕ ಚಿಲುಮೆ ಸೇದಿದ್ರು," ಷಾಮಾ ಗೊಣಗಿದರು. "ಏನಾಯ್ತು ಈಗ?"

ಫತ್ತೂಮ ಮೆಲ್ಲಗೆ ಕೇಳಿದಳು. "ಲಲ್ಲಾ, ಅವರು ಮನೇಲಿದ್ದಾಗ ನಿಮ್ಮ ಮಕ್ಕಳು ಜೋರಾಗಿ ನಕ್ಕಿದ್ದು ನಿಮಗೆ ನೆನಪಿದೆಯಾ?"

ಮುದುಕಿ ಮಗನ ಮುಖ ನೋಡಿದರು. ತಾವೇ ಎದ್ದು ಅವನ ಜುಬ್ಬ ತಂದುಕೊಟ್ಟರು. "ಹೋಗು. ಇವಳ ಜೊತೆ ಹೋಗು."

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಲಯಾಶಿ ಹಾಸಿಗೆಯಲ್ಲಿ ಹೊರಳಿದ, ಗೋಡೆಗೆ ಗುದ್ದಿದ, ಒಮ್ಮೆ ಗೆಳೆಯನ ಚಿಲುಮೆಗೆ ಬಾಯಿಟ್ಟು ಬಂದ. "ಜಾರಿದ್ದಕ್ಕೆ ನಡಿಗೆ ಬಿಡ್ತಾರಾ?" ಎಂದು ಹಯಾತ್ ಮತ್ತೆ ಕೂರಿಸಿ ಮಾತಾಡಿದಳು. ಸಂಜೆ ಸಿಟ್ಟು ಏರಿದರೆ ಅವನು ಮನೆ ಬಿಟ್ಟು ತೊರೆಯವರೆಗೆ ನಡೆದುಹೋಗಬೇಕು, ಆಗ ಫತ್ತೂಮ ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಬೇಕು ಎಂದು ಹಯಾತಳ ಮುಂದೆ ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು. ಫತ್ತೂಮ ಎರಡು ಸಲ ಹೋದಳು.

ರಂಜಾನಿನ ಕೊನೆಯ ವಾರ. ಬಾಂಗಿಗೆ ಇನ್ನೂ ಹೊತ್ತಿತ್ತು. ಮನೆಯಲ್ಲಿ ಮತ್ತೆ ಟಕ್ ಟಕ್ ಟಕ್.

ಸಿಹಾಮ್ ಬಾಗಿಲಲ್ಲೇ ಕಲ್ಲಾದಳು. ಒಳಗೆ ಅಪ್ಪ ಅದೇ ಮಣೆಯ ಮೇಲೆ ಸೂಪಿಗೆ ಕೊತ್ತಂಬರಿ ಹೆಚ್ಚುತ್ತಿದ್ದ. ಅವಳನ್ನು ಕಂಡು ಚಾಕು ಕೆಳಗಿಟ್ಟು ದೂರ ಸರಿಸಿದ. ಖಾಲಿ ಕೈ ತೊಡೆಯ ಮೇಲಿಟ್ಟುಕೊಂಡ.

"ಬಟ್ಟಲು ತರ್ತೀಯಾ, ಮಗಳೇ?"

ಅವಳು ಬಟ್ಟಲನ್ನು ಎದೆಗೆ ಅವುಚಿಕೊಂಡು ತಂದಳು. ಕಲ್ಲುಹಾಸಿನ ಮೇಲೆ ಇಟ್ಟಳು. ಠಣ್ ಎಂದಿತು. ಅಪ್ಪನ ಮುಖ ನೋಡಿದಳು. ಅವನು ಏನೂ ಅನ್ನಲಿಲ್ಲ. ಅವಳು ಬಟ್ಟಲನ್ನು ಎತ್ತಿ, ಬೇಕೆಂದೇ, ಇನ್ನೂ ಜೋರಾಗಿ ಇಟ್ಟಳು.

ಓದುತ್ತಿರುವ ಅಕ್ಕ, ಅಣ್ಣ, ಚಿಲುಮೆ ಇರಲಿ, ಗಾಂಜಾ ತುಂಬಿದ ಬೀಡಿ ಇರಲಿ, ಸಂಗತಿ ಒಂದೇ. ಗಾಂಜಾ ಜೊತೆ ತಂಬಾಕು ಇದ್ದರೆ ಬಿಡಬೇಕಾದದ್ದು ಎರಡು. ಎರಡನ್ನೂ ಆರೋಗ್ಯ ಕೇಂದ್ರದಲ್ಲಿ ಹೇಳಿ. ಮದ್ಯ, ನಿದ್ದೆಮಾತ್ರೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಒಮ್ಮೆ ಜಾರಿದರೆ ಮತ್ತೆ ಹೋಗಿ. ಮನೆಯಲ್ಲಿ ಜೀವಕ್ಕೆ ಭಯವಿದ್ದರೆ ಮೊದಲು ಮಕ್ಕಳ ಜೊತೆ ಹೊರಗೆ ಬನ್ನಿ, ಉಳಿದದ್ದು ಆಮೇಲೆ.

ಇಷ್ಟರ ಜೊತೆಗೆ, ಇವತ್ತು ಸಂಜೆ ಸ್ವಲ್ಪ ಕಿವಿಗೊಟ್ಟು ಕೇಳಿ. ನಿಮ್ಮ ಮನೆಯ ಮಕ್ಕಳು ಯಾವ ಹೊತ್ತಿಗೆ ಸುಮ್ಮನಾಗುತ್ತಾರೆ?