ಸೇರಿನ ಅಂಚಿನ ಹನಿ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎಣ್ಣೆಕಟ್ಟೆಯ ಬಾಗಿಲಲ್ಲಿ ನಿಂತರೆ ಸಾಲಿನ ತುದಿ ಕಾಣುತ್ತಿರಲಿಲ್ಲ. ಅಲ್ಲಿಂದ ಬರುವ ಕೆಮ್ಮು ಮಾತ್ರ ಕೇಳುತ್ತಿತ್ತು. ಗಾಳಿ ಉಸಿರು ಹಿಡಿದು ಕೂತಂತಿತ್ತು. ನನ್ನ ಕೈಯಲ್ಲಿದ್ದ ಹಿತ್ತಾಳೆಯ ಸೇರು ಆಗತಾನೆ ಹೊಳೆಯಿಂದ ಎತ್ತಿದ ಕಲ್ಲಿನಷ್ಟು ತಣ್ಣಗಿತ್ತು. ಮೊದಲ ಡಬ್ಬಿಯ ಮೇಲೆ ಅದನ್ನು ಬೋರಲು ಹಿಡಿದೆ. ಎಣ್ಣೆ ಹಗ್ಗದಂತೆ ಇಳಿಯಿತು, ನೂಲಾಯಿತು, ನಿಂತಿತು. ಸೇರಿನ ಅಂಚಿನಲ್ಲಿ ಒಂದು ಹನಿ ಉಳಿಯಿತು. ಬೀಳಲೋ ಬೇಡವೋ ಎಂದು ಯೋಚಿಸುವಂತೆ ದುಂಡಗೆ, ಕಪ್ಪಗೆ ತೂಗುತ್ತಿತ್ತು. ನಾನು ಸೇರನ್ನು ಎತ್ತಿಕೊಂಡೆ. ಎತ್ತಿಕೊಳ್ಳುವುದು ನಮ್ಮ ಪದ್ಧತಿಯಾಗಿತ್ತು.

ನಮ್ಮೂರಲ್ಲಿ ಎಣ್ಣೆ ನೆಲದಿಂದ ಬರುತ್ತಿತ್ತು. ಹಿಂದೊಮ್ಮೆ ಕುರಿಗಾಹಿಯೊಬ್ಬ ಚಳಿ ಕಾಯಿಸಿಕೊಳ್ಳಲು ಬೆಂಕಿ ಹಚ್ಚಿದನಂತೆ. ಸೌದೆ ತೀರಿದರೂ ಬೆಂಕಿ ಆರಲಿಲ್ಲವಂತೆ. ಅವನು ಹೆದರಿ ಅಡ್ಡಬಿದ್ದಾಗ ನೆಲದೊಳಗಿಂದ ತಾಯಿಯ ದನಿ ಕೇಳಿತಂತೆ: "ಇದು ನನ್ನ ಒಡಲಿನದು. ಮೊದಲು ನನ್ನ ಮಕ್ಕಳಿಗೆ. ಉಳಿದದ್ದು ನನಗೆ." ಆ ಜಾಗದಲ್ಲೇ ಒಡಲವ್ವನ ಗುಡಿಯಾಯಿತು. ಗುಡಿಯ ಪಕ್ಕದಲ್ಲಿ ಬಾವಿಗಳಾದವು, ಬಾವಿಗಳ ಪಕ್ಕದಲ್ಲಿ ಎಣ್ಣೆ ಅಳೆದು ಕೊಡುವ ಕಟ್ಟೆಯಾಯಿತು. ಮುಂದೆ ಸರಕಾರ ಬಂತು, ಸಾಹೇಬರು ಬಂದರು, ಎಣ್ಣೆ ಪೀಪಾಯಿಗಳಲ್ಲಿ ತುಂಬಿ ದೂರದ ಬಂದರಿಗೆ ಹೋಗತೊಡಗಿತು. ಆದರೂ ತಾಯಿಯ ಮಾತನ್ನು ಯಾರೂ ಪೂರ್ತಿ ಮೀರಲಿಲ್ಲ. ಊರಿನ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಚೀಟಿಯ ಮೇಲೆ ಪೇಟೆಯ ಬೆಲೆಯ ಕಾಲುಭಾಗಕ್ಕೆ ಎಣ್ಣೆ ಕೊಡುತ್ತಿದ್ದರು. ಇದಕ್ಕೆ ಊರ ಬೆಲೆ ಎನ್ನುತ್ತಿದ್ದರು.

ಆ ಎಣ್ಣೆಯನ್ನು ಅಳೆಯುವವರು ನಾವು. ಮೊದಲು ನನ್ನ ಅಪ್ಪ ಮೂವತ್ತು ವರ್ಷ ಅಳೆದ. ಅವನ ಕೈ ನಡುಗತೊಡಗಿದ ಮೇಲೆ ಸೇರು ನನ್ನ ಕೈಗೆ ಬಂತು. ಕೊಡುವಾಗ ಅವನು ಹೇಳಿದ್ದು ಒಂದೇ ಮಾತು: "ಸೇರು ಬೋರಲು ಹಾಕಿ ಮೂರು ಸಲ 'ಅವ್ವಾ' ಅನ್ನು, ಆಮ್ಯಾಲ ಎತ್ತು. ಬಡವ ಬರಲಿ, ಬಲ್ಲಿದ ಬರಲಿ, ಮೂರ ಸಲ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ." ಎತ್ತಿದ ಸೇರನ್ನು ಪಕ್ಕದ ಕಲ್ಲುಬಾನಿಯ ಮೇಲೆ ಬೋರಲು ಇಟ್ಟು, ಮುಂದಿನವರ ಚೀಟಿ ನೋಡಬೇಕು. ಆಗ ಬಾನಿಗೆ ತೊಟ್ಟಿಕ್ಕಿದ್ದೆಲ್ಲ ಒಡಲವ್ವನ ದೀಪಕ್ಕೆ. ನನಗೆ ಆ ಕೆಲಸ ಪೂಜೆಯಂತೆಯೇ ಇತ್ತು. ದಿನಕ್ಕೆ ಇನ್ನೂರು ಸಲ, ಮುನ್ನೂರು ಸಲ ತಾಯಿಯನ್ನು ಕರೆಯುವ ಭಾಗ್ಯ ಇನ್ಯಾವ ಕೆಲಸದಲ್ಲಿದೆ?

ಕಟ್ಟೆಗೆ ಎರಡು ಹೊತ್ತಿನಲ್ಲಿ ಜನ ಬರುತ್ತಿದ್ದರು. ನಸುಕಿನಲ್ಲಿ ಬರುವವರು ಬಾವಿಯ ಕೂಲಿಗಳು, ಮಣ್ಣು ಹೊರುವ ಹೆಂಗಸರು. ಹೊತ್ತು ಏರುವ ಮೊದಲೇ ಅವರು ಕೆಲಸಕ್ಕೆ ಹೋಗಬೇಕಿತ್ತು. ನಡು ಮಧ್ಯಾಹ್ನಕ್ಕೆ ಗಿರಣಿಯವರಂಥ ದೊಡ್ಡ ಮನೆಗಳ ಬಂಡಿಗಳು ಬರುತ್ತಿದ್ದವು. ಬಂಡಿಯ ನೆರಳಲ್ಲಿ ಆಳುಗಳು ಎಲೆಯಡಿಕೆ ಮೆಲ್ಲುತ್ತ, "ಹೂಂ, ಹಾಕವ್ವ" ಎನ್ನುತ್ತಿದ್ದರು. ಬಿಸಿಲಿಗೆ ಕಾದ ಎಣ್ಣೆ ನೀರಿನ ಹಾಗೆ ಸುರಿಯುತ್ತಿತ್ತು.

ನಸುಕಿನ ಸಾಲಿನಲ್ಲಿ ಫಕೀರವ್ವ ಎಂಬವಳಿದ್ದಳು. ಹಗಲು ಬಾವಿಯ ಹತ್ತಿರ ಮಣ್ಣು ಹೊತ್ತು, ಸಂಜೆ ದೀಪದ ಮುಂದೆ ಕೂತು ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಅವಳು ಹೊಲಿದ ಕೌದಿ ಹೊದ್ದರೆ ಚಳಿ ಹತ್ತಿರ ಸುಳಿಯುತ್ತಿರಲಿಲ್ಲ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ಬೆಕ್ಕು, ಒಂದು ಬುಡ್ಡಿದೀಪ. ಚಳಿಗಾಲ ಶುರುವಾದಾಗಿನಿಂದ ಅವಳು ಹದಿನೈದನೆಯ ದಿನಕ್ಕೆ ಬರಬೇಕಾದವಳು ಹದಿಮೂರನೆಯ ದಿನಕ್ಕೇ ಬಂದು ನಿಲ್ಲುತ್ತಿದ್ದಳು.

"ಅಕ್ಕಾ, ಇನ್ನೂ ಎರಡು ದಿನ ಐತಲ್ಲ," ಎಂದರೆ, "ದಿನ ಐತಿ ತಂಗಿ, ಎಣ್ಣಿ ಇಲ್ಲ," ಎನ್ನುತ್ತಿದ್ದಳು. "ಬ್ಯಾರೆ ಮನ್ಯಾಗೂ ಹಿಂಗ ಮುಗೀತೈತಿ. ಅಲ್ಲಿ ಅತ್ತಿ ಸೊಸಿನ್ನ ಬೈತಾಳ, ಸೊಸಿ ನಾದಿನಿನ್ನ ಬೈತಾಳ, ಅಲ್ಲಿಗೆ ಮುಗೀತು. ನಾನು ಯಾರನ್ನ ಬೈಲಿ? ಬೆಕ್ಕಿನ್ನ ಬೈಬೇಕೇನು?"

ಸಾಲಿನಲ್ಲಿ ನಗೆ ಎದ್ದಿತು. ನಾನೂ ನಕ್ಕೆ.

ಆ ವರ್ಷ ಪೇಟೆಯಲ್ಲಿ ಎಣ್ಣೆಯ ಬೆಲೆ ಏರಿತು. ಊರ ಬೆಲೆಗೂ ಪೇಟೆಯ ಬೆಲೆಗೂ ನಡುವಿನ ಕಂದರ ದೊಡ್ಡದಾಯಿತು. ಅಗ್ಗದ ಎಣ್ಣೆ ರಾತ್ರೋರಾತ್ರಿ ಹೊಳೆ ದಾಟುತ್ತಿದೆ, ಆಚೆ ದಡದಲ್ಲಿ ನಾಲ್ಕು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಮೇಲಿನಿಂದ ಆಜ್ಞೆ ಬಂತು: ಯಾರ ಮನೆಯ ಎಣ್ಣೆ ಅವಧಿಗೆ ಮೊದಲೇ ತೀರುತ್ತದೋ ಅವರು ಮಾರುತ್ತಿದ್ದಾರೆಂದೇ ತಿಳಿದು ಚೀಟಿ ರದ್ದು ಮಾಡತಕ್ಕದ್ದು. ದಿನಕ್ಕೆ ಮೊದಲೇ ಕಟ್ಟೆಗೆ ಬಂದು ನಿಲ್ಲುವವಳು ಅವಳೊಬ್ಬಳೇ ಆದ್ದರಿಂದ ಎಲ್ಲರ ಬಾಯಲ್ಲೂ ಇದ್ದ ಹೆಸರು ಫಕೀರವ್ವನದೇ. ಕಟ್ಟೆಯ ಸಾಹೇಬರು ಅವಳ ಚೀಟಿಯನ್ನು ತೆಗೆದಿಟ್ಟುಕೊಂಡು, ಎಂಟು ದಿನದ ಮೇಲೆ ಜನರೆದುರು ತೀರ್ಮಾನ ಎಂದರು.

ಸಾಹೇಬರು ಕೆಟ್ಟವರಲ್ಲ. ದೂರದ ಗುಡ್ಡಸೀಮೆಯಿಂದ ಬಂದವರು, ತೂಕದ ಮಾತಿನವರು. ಅಂದು ಫಕೀರವ್ವ ಅವರೆದುರು ಸೆರಗು ಬಿಗಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ.

"ಸಾಹೇಬ್ರ, ಪೇಟಿ ಬೆಲಿ ಕೊಟ್ಟು ಎಣ್ಣಿ ತಂದ್ರ ನಾ ನಾಲ್ಕು ದಿನ ಉಪಾಸ ಇರಬೇಕ್ರಿ. ದೀಪ ಇಲ್ಲಂದ್ರ ಕೌದಿ ಇಲ್ಲ. ಕೌದಿ ಇಲ್ಲಂದ್ರ ನಾ ಇಲ್ಲ."

"ನನ್ನ ತಾಯಿ ಗುಡ್ಡದ ಊರಲ್ಲಿದ್ದಾಳಮ್ಮ," ಎಂದರು ಸಾಹೇಬರು. "ಇದೇ ಎಣ್ಣೆಗೆ ಅವಳು ಪೇಟೆಯ ಬೆಲೆಯನ್ನೇ ಕೊಡುತ್ತಾಳೆ. ಅವಳೂ ಇದೇ ನಾಡಿನವಳು. ಬಾವಿ ನಿಮ್ಮ ಹಿತ್ತಲಲ್ಲಿದೆ ಅಂತ ನಿಮಗೆ ಅಗ್ಗ. ಆ ಅಗ್ಗವನ್ನೂ ಮಾರಿಕೊಂಡರೆ ಹೇಗೆ?"

"ನಿಮ್ಮವ್ವಗೂ ಅಗ್ಗ ಸಿಗಲಿ ಅಂತೀನ್ರಿ ನಾನು," ಎಂದಳು ಫಕೀರವ್ವ. "ಖರೇ ಹೇಳ್ರಿ, ಇಲ್ಲಿ ಅಗ್ಗ ಯಾರಿಗೈತಿ? ಬೆಲಿ ಎಲ್ಲಾರಿಗೂ ಒಂದ. ನಂದು ಒಂದು ಬುಡ್ಡಿ. ಆ ಗಿರಣಿಯವರ ವಾಡೇದಾಗ ಹದಿನಾರು ಲಾಟೀನು. ಕುದುರಿ ಲಾಯಕ್ಕೂ ಒಂದು ಹಚ್ಚತಾರ. ನಿಮ್ಮ ಸರಕಾರ ನನ್ನ ಬುಡ್ಡಿಗೆ ಹನಿ ಹಾಕಿ ಆ ಕುದುರಿಗೆ ಕೊಡ ಸುರೀತೈತಿ. ಕಳ್ಳಿ ಮಾತ್ರ ನಾನು!"

ಯಾರೋ ಹಿಂದಿನಿಂದ, "ಕುದುರಿ ಏನ್ ಓದತೈತೋ!" ಎಂದರು. ಸಾಹೇಬರ ತುಟಿಯೂ ಒಂದು ಕ್ಷಣ ಬಿರಿಯಿತು. ಆಮೇಲೆ ನನ್ನ ಕಡೆ ತಿರುಗಿದರು. "ಅಳತೆ ಸರಿಯಾಗಿ ಕೊಟ್ಟಿದ್ದೀಯೇನಮ್ಮ?"

"ಒಡಲವ್ವನ ಆಣೆ, ತುಂಬು ಸೇರು ಕೊಟ್ಟೀನ್ರಿ," ಎಂದೆ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಪ್ಪ ತಲೆಯಾಡಿಸಿದ. ಫಕೀರವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ; ತಾನೇ ಎಲ್ಲೋ ಲೆಕ್ಕ ತಪ್ಪಿರಬೇಕು ಎನ್ನುವ ಹಾಗೆ. ಆ ನೋಟ ಎಂಟು ದಿನವೂ ನನ್ನ ಜೊತೆ ನಡೆಯಿತು.

ಮಂಜಿನ ಆ ಬೆಳಗ್ಗೆಯೇ ಎಂಟನೆಯ ದಿನ. ಸಾಲಿನವರು ಕೆಲಸಕ್ಕೆ ಹೋಗುವ ಮೊದಲೇ, ಅವರೆದುರಿಗೇ ತೀರ್ಮಾನ. ಫಕೀರವ್ವ ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು. ಸಾಲು ಅರ್ಧ ಕರಗಿರಬೇಕು, ಅಷ್ಟರಲ್ಲಿ ಒಡಲವ್ವನ ಪೂಜಾರಿ ಗೂಳಪ್ಪಜ್ಜ ಎಂದಿನಂತೆ ತಾಮ್ರದ ಕೊಡ ಹಿಡಿದು ಬಾನಿಯ ಬಳಿಗೆ ಬಂದ. ಬಾನಿ ಅಂಚಿನವರೆಗೆ ತುಂಬಿತ್ತು. ಅವನು ಹಿಗ್ಗಿದ.

"ಥಂಡಿ ಬಂತಂದ್ರ ತಾಯಿಗೆ ಸುಗ್ಗಿ ನೋಡು. ಹಗಲೂ ರಾತ್ರಿ ನಂದಾದೀಪ. ಬ್ಯಾಸಿಗ್ಯಾಗ ಈ ಬಾನಿ ಒಣಾ ಒಣಾ, ನಾನ ಕೊಂಡು ಹಚ್ಚಬೇಕು. ತಾಯಿ ಮಹಿಮಾ, ಮತ್ತೇನು!"

ನಾನು ಸೇರನ್ನು ಬಾನಿಯ ಮೇಲೆ ಬೋರಲಿಡುತ್ತಿದ್ದೆ. ಕೈ ಅಲ್ಲೇ ನಿಂತಿತು. ಅಂಚಿನಿಂದ ಹನಿಯೊಂದು ಬಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ನಿಲ್ಲಲೇ ಇಲ್ಲ. ಚಳಿಗೆ ಎಣ್ಣೆ ಜೇನಿನಂತೆ ಗಟ್ಟಿಯಾಗಿ ಸೇರಿನ ಒಡಲನ್ನೇ ಕಚ್ಚಿ ಹಿಡಿದಿತ್ತು. ಅದು ಬಿಡಿಸಿಕೊಂಡು ಇಳಿಯಲು ಮೂರು ಕರೆ ಸಾಲುತ್ತಿರಲಿಲ್ಲ. ಮಧ್ಯಾಹ್ನದ ಬಂಡಿಗಳಿಗೆ ಒಂದು ಕರೆಯೇ ಸಾಕಾಗುತ್ತಿತ್ತು. ಬೇಸಿಗೆಯಲ್ಲಿ ಯಾರ ಎಣ್ಣೆಯೂ ಬೇಗ ತೀರುತ್ತಿರಲಿಲ್ಲ; ಇರುಳು ಚಿಕ್ಕದು, ಅದಕ್ಕೇ ಎಂದುಕೊಂಡಿದ್ದೆವು. ಎಲ್ಲರಿಗೂ ಸಮನಾಗಿ ಮೂರು ಸಲ ತಾಯಿಯನ್ನು ಕರೆದು ನಾನು ಬೆಳಗಿನವರ ಪಾಲನ್ನು ತಾಯಿಗೇ ಸುರಿಯುತ್ತಿದ್ದೆ. ನನಗಿಂತ ಮೊದಲು, ಮೂವತ್ತು ಚಳಿಗಾಲ, ಅಪ್ಪ.

ಅಪ್ಪನ ಕಡೆ ನೋಡಿದೆ. ಬಾನಿಯ ಪಕ್ಕದ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ನನ್ನ ಒಂದೊಂದು 'ಅವ್ವಾ'ಗೂ ಅವನ ತುಟಿ ಅಲುಗುತ್ತಿತ್ತು. ಊರಲ್ಲಿ ಯಾರಾದರೂ ಆಣೆ ಇಡಬೇಕಾದರೆ 'ಅಳತೆಯವರ ಸೇರಿನಾಣೆ' ಎನ್ನುತ್ತಿದ್ದರು. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ. ನಾನು ಸುಮ್ಮನಿದ್ದರೆ ಆ ಹೆಸರು ಉಳಿಯುತ್ತಿತ್ತು. ಬಾಗಿಲ ಬಳಿ ಫಕೀರವ್ವ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆಯುತ್ತ, ಹಾಕುತ್ತ ಕೂತಿದ್ದಳು.

ಸಾಹೇಬರು ಬಂದು ಕುರ್ಚಿಯಲ್ಲಿ ಕೂತು ನನ್ನ ಕಡೆ ತಿರುಗಿದರು. "ಅಂದು ಹೇಳಿದ್ದನ್ನೇ ಇವತ್ತೂ ಹೇಳುತ್ತೀಯಾ? ಅಳತೆ ತುಂಬಿತ್ತೇ?"

"ಸೇರು ತುಂಬಿದ್ದು ಖರೇರಿ," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿದಂತಿತ್ತು. "ಕೊಟ್ಟಿದ್ದು ತುಂಬು ಅಲ್ಲರಿ."

ನಾನು ಫಕೀರವ್ವನ ಡಬ್ಬಿಯನ್ನು ಇಸಿದುಕೊಂಡೆ. ಸೇರು ತುಂಬಿ, ಎಲ್ಲರಿಗೂ ತೋರಿಸಿ, ಬೋರಲು ಹಾಕಿದೆ. ಅವ್ವಾ, ಅವ್ವಾ, ಅವ್ವಾ. ಆಮೇಲೆ ಸೇರನ್ನು ಬಾನಿಯ ಮೇಲಿಡದೆ ಒಂದು ಬಟ್ಟಲಿನ ಮೇಲೆ ಹಿಡಿದೆ. ಹನಿ ಬೀಳತೊಡಗಿತು. ನಾಲ್ಕನೆಯ ಸಲ ಕರೆದೆ, ಐದನೆಯ ಸಲ ಕರೆದೆ. ಹತ್ತಕ್ಕೆ ಸಾಲಿನ ಹೆಂಗಸರು ದನಿಗೂಡಿಸಿದರು. ಮಂಜಿನೊಳಗೆ ಮುಖ ಕಾಣದ ಎಷ್ಟೋ ದನಿಗಳು, ಅವ್ವಾ, ಅವ್ವಾ ಎಂದು. ಮೂವತ್ತೊಂದಕ್ಕೆ ಹನಿ ನಿಂತಿತು. ಬಟ್ಟಲಲ್ಲಿ ಬೊಗಸೆಯಷ್ಟು ಎಣ್ಣೆ ಇತ್ತು.

"ಇದು ಒಂದು ಸೇರಿಂದ್ರಿ. ಅವಳ ಪಾಲು ನಾಲ್ಕು ಸೇರು. ಆ ಎರಡು ದಿನದ ದೀಪ ಇಲ್ಲೈತ್ರಿ," ಎಂದೆ. "ಆಕಿ ಮಾರಿಲ್ಲ. ನಾನ ಕೊಟ್ಟಿಲ್ಲ."

"ಹಾಂಗಾದ್ರ ನಾ ಸುಮ್ಮಸುಮ್ಮನ ಎರಡು ತಿಂಗಳ ಸೊಸಿನ್ನ ಬೈದ್ನಲ್ಲೋ!" ಎಂದು ಸಾಲಿನಲ್ಲಿ ಒಬ್ಬ ಮುದುಕಿ ಬಾಯಿಗೆ ಸೆರಗು ಹಚ್ಚಿದಳು. ಫಕೀರವ್ವ ನಗಲಿಲ್ಲ. ಅವಳ ಕಣ್ಣು ಅಪ್ಪನ ಮೇಲಿತ್ತು. ಅಪ್ಪ ಎದ್ದು ನಿಂತಿದ್ದ. ಕಂಬಳಿ ಜಾರಿ ಕೆಳಗೆ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಮಂಜಿನೊಳಗೆ ನಡೆದುಹೋದ.

ಸಾಹೇಬರು ಬಟ್ಟಲನ್ನು ನೋಡಿದರು. ಚೀಟಿಯನ್ನು ಜೇಬಿನಿಂದ ತೆಗೆದು ಫಕೀರವ್ವನ ಕೈಗಿತ್ತರು. "ಬೆಲೆ ನನ್ನ ಕೈಯಲ್ಲಿಲ್ಲಮ್ಮ," ಎಂದರು. "ಅಳತೆ ಇದೆ." ಅಂದಿನಿಂದ ನಸುಕಿನ ಸಾಲಿಗೆ ಹನಿ ನಿಲ್ಲುವವರೆಗೂ ಸೇರು ಹಿಡಿಯಬೇಕೆಂದು ಆಯಿತು. ಕೂಲಿಗೆ ತಡವಾದೀತೆಂದು ಸಾಲನ್ನು ಇನ್ನೊಂದು ತಾಸು ಮೊದಲೇ ಶುರುಮಾಡಿದೆವು. ಊರ ಬೆಲೆ ಮುಂದೆ ಎರಡು ಸಲ ಏರಿತು. ಗಿರಣಿಯವರ ಕುದುರೆ ಲಾಯದಲ್ಲಿ ದೀಪ ಉರಿಯುತ್ತಲೇ ಇತ್ತು. ಗುಡ್ಡಸೀಮೆಯ ಆ ತಾಯಿಗೆ ಅಗ್ಗದ ಎಣ್ಣೆ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಪ್ರಾರ್ಥನೆಯಲ್ಲಿ ಮಾತ್ರ ಅವಳನ್ನೂ ಸೇರಿಸಿಕೊಳ್ಳುತ್ತಿದ್ದೆ.

ತೀರ್ಮಾನವಾದ ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ. ಕಟ್ಟೆಯಿಂದ ತಂದು ಗೂಡಿನಲ್ಲಿಟ್ಟಿದ್ದ ಸೇರೂ ಇರಲಿಲ್ಲ. ಹುಡುಕುತ್ತ ಗುಡಿಗೆ ಹೋದೆ. ಗರ್ಭಗುಡಿ ಕತ್ತಲಾಗಿತ್ತು. ಗೂಳಪ್ಪಜ್ಜ ಹೊಸ್ತಿಲಲ್ಲಿ ಕೂತಿದ್ದ.

"ಕೊಡಾ ನಿಮ್ಮಪ್ಪ ಒಯ್ದ," ಎಂದ. "ನಾನ ಕೊಟ್ಟೆ. ತಾಯಿ ಏನು ಹೇಳ್ಯಾಳ? ಮೊದಲು ಮಕ್ಕಳಿಗೆ, ಉಳದದ್ದು ನನಗ. ಮಕ್ಕಳಿಗೆ ಇನ್ನೂ ಮುಟ್ಟಿಲ್ಲ, ಉಳದದ್ದು ಎಲ್ಲಿಂದ ಬಂತು? ನಾ ಮುದುಕ, ತುಂಬಿದ ಬಾನಿ ನೋಡಿ ಕುಣದೆ." ಸ್ವಲ್ಪ ತಡೆದು, "ಇವತ್ತೊಂದಿನ ಕತ್ತಲದಾಗ ಇರ್ತಾಳ ಬಿಡು. ಹಡದಾಕಿಗೆ ಅದೇನು ಹೊಸಾದಲ್ಲ," ಎಂದ.

ಅಪ್ಪ ಫಕೀರವ್ವನ ಅಂಗಳದಲ್ಲಿದ್ದ. ಅವಳು ಬಾಗಿಲಲ್ಲಿ ಕೂತು, ಉಳಿದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ಬೆಕ್ಕು ಕೌದಿಯ ಮೇಲೆ ಮಲಗಿತ್ತು. ಅಪ್ಪ ನೆಲದ ಮೇಲೆ ಕೂತು ಅವಳ ಡಬ್ಬಿಯನ್ನು ತನ್ನೆಡೆಗೆ ಎಳೆದುಕೊಂಡ. ಕೊಡದಿಂದ ಸೇರು ತುಂಬಿ ಡಬ್ಬಿಗೆ ಬಗ್ಗಿಸಿದ. ಅವನ ಕೈ ನಡುಗುತ್ತಿತ್ತು; ನಾನು ಹಿಡಿಯಲು ಹೋದರೆ ತಲೆಯಾಡಿಸಿ ಬೇಡವೆಂದ.

"ಯಜಮಾನ್ರ, ಇದೆಲ್ಲ ಯಾಕ್ರಿ..." ಎಂದಳು ಫಕೀರವ್ವ, ಅರ್ಧಕ್ಕೇ ನಿಲ್ಲಿಸಿದಳು. ಸೂಜಿ ಕೆಳಗಿಟ್ಟು ಅವನೆದುರು ತಾನೂ ನೆಲಕ್ಕೆ ಕೂತು, ಡಬ್ಬಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹೊಳೆಯ ಕಡೆಯಿಂದ ಮತ್ತೆ ಮಂಜು ಏಳುತ್ತಿತ್ತು. ಎಣ್ಣೆ ಹಗ್ಗವಾಗಿ ಇಳಿಯಿತು, ನೂಲಾಯಿತು, ನಿಂತಿತು. ಅಂಚಿನಲ್ಲಿ ಒಂದು ಹನಿ ಉಳಿಯಿತು. ಅಪ್ಪನ ತುಟಿಗಳು ಅಲುಗಿದವು. ಒಂದು, ಎರಡು, ಮೂರು. ಅವನು ಸೇರನ್ನು ಎತ್ತಲಿಲ್ಲ. ನಾವು ಮೂವರೂ ಆ ಹನಿಯನ್ನೇ ನೋಡುತ್ತ ಕೂತೆವು. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಉದ್ದವಾಯಿತು, ಡಬ್ಬಿಯೊಳಗೆ ಬಿದ್ದಿತು.